ನ್ಯಾಯಮೂರ್ತಿ ಅಲನ್ ಪೇಜ್

ಫುಟ್‌ಬಾಲ್ ಎಂದೊಡನೆ ದುಂಡನೆಯ ಚೆಂಡನ್ನು ಕಾಲಿನಿಂದ ಒದೆಯುವ ಆಟ ನಮ್ಮ ಕಣ್ಮುಂದೆ ಬರುತ್ತದೆ. ಅಮೆರಿಕದಲ್ಲಿ ಆ ಹೆಸರಿನಿಂದ ಕರೆಯುವ ಆಟವೇ ಬೇರೆ. ಅಲ್ಲಿಯ ಚೆಂಡು ಮೊಟ್ಟೆಯಂತೆ ನೀಳವಾದುದು. ಅದನ್ನು ಕೈಯಲ್ಲಿ ಹಿಡಿದು ಓಡುವುದು, ಎಸೆಯುವುದೇ ಹೆಚ್ಚು. ಎದುರಾಳಿಯನ್ನು ಮುಂದೆ ಬಿಡದೆ ಕೆಡಹುವುದು ರಕ್ಷಕರ ಕೆಲಸ. ಕೀರ್ತಿಯೆಲ್ಲ ಚೆಂಡನ್ನು ಮುಂದೊಯ್ದವರಿಗೆ ಸಲ್ಲುತ್ತದೆ. ತಡೆದು ನಿಂತವರನ್ನು ಜನ ಬೇಗ ಮರೆಯುತ್ತಾರೆ. ಹಾಗೆ ಮರೆಯಲಾಗದ ರಕ್ಷಕರೊಬ್ಬರು ಅಲನ್ ಪೇಜ್.

ಅವರು 1945ರ ಆಗಸ್ಟ್ 7ರಂದು ಓಹಾಯೊ ಸಂಸ್ಥಾನದ ಕ್ಯಾಂಟನ್ ನಗರದಲ್ಲಿ, ಕಪ್ಪು ಜನಾಂಗದ ಕುಟುಂಬವೊಂದರಲ್ಲಿ ಹುಟ್ಟಿದರು. ಹದಿಮೂರನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡರು. ಮಕ್ಕಳನ್ನು ಮೈಬಣ್ಣದ ಮೇಲೆ ಬೇರೆ ಬೇರೆ ಶಾಲೆಗಳಿಗೆ ಕಳುಹಿಸುವುದು ಸಂವಿಧಾನಕ್ಕೆ ವಿರುದ್ಧವೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ 1954ರಲ್ಲಿ ತೀರ್ಪಿತ್ತಾಗ ಅವರಿನ್ನೂ ಎಂಟು ವರ್ಷದ ಬಾಲಕ. ಕಾನೂನಿಗೆ ಇಂತಹ ಶಕ್ತಿಯುಂಟೆಂಬ ಅರಿವು ಅವರ ಮನಸ್ಸಿನಲ್ಲಿ ನಾಟಿತು. ವಕೀಲನಾಗುವ ಹಂಬಲ ಮೊದಲು ಬಂದಿತು, ಚೆಂಡು ಆಮೇಲೆ.

ಮುಂದೆ ನೋಟರ್ ಡೇಮ್ ವಿಶ್ವವಿದ್ಯಾಲಯ ಸೇರಿದರು. 1966ರಲ್ಲಿ ಆರಾ ಪಾರ್ಸೇಗಿಯನ್ ಅವರ ತರಬೇತಿಯಲ್ಲಿ ಆ ತಂಡ ಹತ್ತು ಪಂದ್ಯಗಳನ್ನಾಡಿ ಒಂಬತ್ತನ್ನು ಗೆದ್ದು ರಾಷ್ಟ್ರದ ಅಗ್ರಸ್ಥಾನಕ್ಕೇರಿತು. ಮಿಷಿಗನ್ ಸ್ಟೇಟ್ ತಂಡದೊಡನೆ ನಡೆದ ಪಂದ್ಯ ಮಾತ್ರ 10-10ರಲ್ಲಿ ಸಮವಾಯಿತು. ಆ ವರ್ಷ ತಂಡ ಗಳಿಸಿದ ಅಂಕ 362. ಬಿಟ್ಟುಕೊಟ್ಟದ್ದು ಕೇವಲ 38. ಆರು ಪಂದ್ಯಗಳಲ್ಲಿ ಎದುರಾಳಿಗೆ ಒಂದು ಅಂಕವೂ ದಕ್ಕಲಿಲ್ಲ! ಆ ಅಭೇದ್ಯ ಕೋಟೆಯ ಅಂಚಿನಲ್ಲಿ ನಿಂತವರು ಪೇಜ್.

1967ರಲ್ಲಿ ಅವರು ಮಿನೆಸೋಟ ವೈಕಿಂಗ್ಸ್ ಎಂಬ ವೃತ್ತಿಪರ ತಂಡ ಸೇರಿದರು. ವೃತ್ತಿಪರ ಲೀಗಿನ ಅತ್ಯಮೂಲ್ಯ ಆಟಗಾರನೆಂಬ ಗೌರವ 1971ರಲ್ಲಿ ಅವರಿಗೆ ದೊರೆಯಿತು. ಅದುವರೆಗೆ ಯಾವ ರಕ್ಷಕನಿಗೂ ಅದು ಸಂದಿರಲಿಲ್ಲ. ಆದರೆ ಅವರ ಬದುಕಿನಲ್ಲಿ ನನ್ನನ್ನು ತಡೆದು ನಿಲ್ಲಿಸುವ ಪ್ರಸಂಗ ಇದಲ್ಲ. ಒಮ್ಮೆ ತಂಡದ ಸಭೆಯಲ್ಲಿ ಆಟದ ತಂತ್ರಗಳ ಪುಸ್ತಕವನ್ನು ಆಟಗಾರರಿಂದ ಗಟ್ಟಿಯಾಗಿ ಓದಿಸಲಾಯಿತು. ಕೆಲವರು ತಡವರಿಸಿದರು, ಅವರಿಗೆ ಓದಲು ಬರುತ್ತಿರಲಿಲ್ಲ. ಕಾಲೇಜಿನ ಮೆಟ್ಟಿಲು ಹತ್ತಿ ಬಂದವರ ಸ್ಥಿತಿ ಇದು! ತೋಳ್ಬಲವನ್ನು ಬಳಸಿಕೊಂಡ ವಿದ್ಯಾಸಂಸ್ಥೆಗಳು ಅಕ್ಷರವನ್ನು ಕೊಡದೆ ಅವರನ್ನು ದಾಟಿಸಿಬಿಟ್ಟಿದ್ದವು. ಪೇಜ್ ಅವರು ಇದನ್ನು ಮರೆಯಲಿಲ್ಲ.

ಆಡುತ್ತಲೇ ಓದಿ, 1978ರಲ್ಲಿ ಅವರು ಕಾನೂನು ಪದವಿ ಪಡೆದರು. ದೂರದ ಓಟದ ಅಭ್ಯಾಸದಿಂದ ಮೈ ಇಳಿದಿತ್ತು. ತೂಕ ಸಾಲದೆಂದು ವೈಕಿಂಗ್ಸ್ ತಂಡ ಅದೇ ವರ್ಷ ಕೈಬಿಟ್ಟಿತು. ಷಿಕಾಗೋ ಬೇರ್ಸ್ ತಂಡ ಕರೆದುಕೊಂಡಿತು. ಅಲ್ಲಿ 1981ರವರೆಗೆ ಆಡಿದರು.

ಮಿನೆಸೋಟದ ಸರ್ವೋಚ್ಚ ನ್ಯಾಯಾಲಯಕ್ಕೆ ನ್ಯಾಯಮೂರ್ತಿಗಳನ್ನು ಜನರೇ ಚುನಾಯಿಸುವ ಪದ್ಧತಿಯುಂಟು. ಪೇಜ್ ಸ್ಪರ್ಧಿಸಬೇಕೆಂದಿದ್ದಾಗ, ರಾಜ್ಯಪಾಲರು ಪೀಠದಲ್ಲಿದ್ದವರ ಅವಧಿಯನ್ನು ವಿಸ್ತರಿಸಿದರು. ಪೇಜ್ ನ್ಯಾಯಾಲಯದ ಮೊರೆಹೊಕ್ಕು ಗೆದ್ದರು. 1992ರ ಚುನಾವಣೆಯಲ್ಲಿಯೂ ಗೆದ್ದರು. ಆ ಪೀಠವನ್ನೇರಿದ ಮೊದಲ ಕಪ್ಪು ಜನಾಂಗದ ನ್ಯಾಯಮೂರ್ತಿ ಅವರು. ಎಪ್ಪತ್ತು ತುಂಬಿದ 2015ರಲ್ಲಿ ನಿಯಮದಂತೆ ನಿವೃತ್ತರಾದರು.

1988ರಲ್ಲಿ ಅವರು ಪತ್ನಿ ಡಯೇನ್ ಅವರೊಡನೆ ವಿದ್ಯಾರ್ಥಿವೇತನದ ನಿಧಿಯೊಂದನ್ನು ಸ್ಥಾಪಿಸಿದ್ದರು. ಹಣ ಪಡೆದವರು ಕಿರಿಯ ಮಕ್ಕಳ ಕಲಿಕೆಗೆ ನೆರವಾಗಬೇಕೆಂಬುದು ಅದರ ಕರಾರು. 2017ರಲ್ಲಿ ಮಿನಿಯಾಪೊಲಿಸ್ ನಗರದ ಶಾಲೆಯೊಂದು, ಮೂಲನಿವಾಸಿಗಳನ್ನು ನಿರ್ಮೂಲ ಮಾಡಬೇಕೆಂದು ಸಾರಿದ್ದ ಹಳೆಯ ರಾಜ್ಯಪಾಲರೊಬ್ಬರ ಹೆಸರನ್ನು ತೊರೆದು, ‘ಜಸ್ಟಿಸ್ ಪೇಜ್ ಶಾಲೆ’ ಎಂದಾಯಿತು. ಹೆಸರು ಬದಲಾಗಬೇಕೆಂದು ಪಟ್ಟುಹಿಡಿದವರು ಅಲ್ಲಿಯ ವಿದ್ಯಾರ್ಥಿಗಳು.