ದೂರದ ಡೀಲರ್, ಹತ್ತಿರದ ರಿಪೇರಿ

ತಿಪಟೂರಿನ ನಮ್ಮ ತೋಟಕ್ಕೆ ಪವರ್ ವೀಡರ್ ತಂದದ್ದು ಕೊಯಮತ್ತೂರಿನಿಂದ. ಮೂರೇ ತಿಂಗಳಿಗೆ ಗೇರ್‌ಬಾಕ್ಸ್‌ನಿಂದ ಆಯಿಲ್ ಸೋರೋಕೆ ಶುರುವಾಯ್ತು. ಹೊರಗೆ ಮಳೆ ಬಿದ್ದು ಕಳೆ ಎದ್ದಿತ್ತು. "ಮಷೀನ್ ಇಲ್ಲಿಗೇ ತನ್ನಿ" ಅಂದ್ರು ಡೀಲರ್.

ಇಂಥ ಹೊತ್ತಲ್ಲಿ ಲಗೇಜ್ ಗಾಡಿ ಹುಡುಕೋ ಮೊದಲು ವಾರಂಟಿ ಕಾರ್ಡ್ ಓದಿ. ಸಾಮಾನ್ಯವಾಗಿ ವಾರಂಟಿ ಕೊಡೋದು ಕಂಪನಿ. ಬಿಲ್, ಸೀರಿಯಲ್ ನಂಬರ್, ಸೋರಿಕೆಯ ವಿಡಿಯೋ ಎಲ್ಲವನ್ನೂ ಕಂಪನಿಗೇ ಇಮೇಲ್ ಮಾಡಿ, ಹತ್ತಿರದ ಸರ್ವಿಸ್ ಸೆಂಟರ್ ಕೇಳಿದೆ. ತುಮಕೂರಿನಲ್ಲೇ ಆಯಿಲ್ ಸೀಲ್ ಬದಲಾಯ್ತು, ಖರ್ಚಿಲ್ಲದೆ.

ಇಷ್ಟು ನೆನಪಿಡಿ:

1. ಸೋರುವ ಮಷೀನ್ ಓಡಿಸಬೇಡಿ. ಆಯಿಲ್ ಕಮ್ಮಿಯಾದರೆ ಗೇರ್ ಸವೆಯುತ್ತೆ.
2. ಕಂಪನಿ ಒಪ್ಪಿಗೆ ಬರಹದಲ್ಲಿ ಸಿಗೋ ತನಕ ಊರಿನ ಮೆಕ್ಯಾನಿಕ್ ಕೈಲಿ ಬಿಚ್ಚಿಸಬೇಡಿ.
3. ಫೋನಲ್ಲಿ ಆಡಿದ ಮಾತನ್ನು ಅವತ್ತೇ ಬರೆದು ಕಳಿಸಿ.
4. ಆದರೂ ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವಿರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ 2 ವರ್ಷದೊಳಗೆ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಕೊಂಡ ರೈತನೂ ಗ್ರಾಹಕನೇ.

ಮುಂದಿನ ಸಲ ರೇಟು ಕೇಳೋಕೆ ಮುಂಚೆ, ಸರ್ವಿಸ್ ಸೆಂಟರ್ ಎಲ್ಲಿದೆ ಅಂತ ಕೇಳಿ.