ಬ್ಯಾರನ್: ಒಂದೇ ಧ್ವನಿ, ಎರಡು ಶಬ್ದ

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಸೀಮೆಯಲ್ಲಿ ಹಸಿ ಹೊಗೆಸೊಪ್ಪನ್ನು ಸೌದೆಯ ಕಾವಿನಿಂದ ಹದಗೊಳಿಸುವ ಮನೆಗೆ ರೈತರು ‘ಬ್ಯಾರನ್’ ಎನ್ನುವರು. ಇದು ಆಂಗ್ಲಭಾಷೆಯ ‘ಬಾರ್ನ್’ ಶಬ್ದದ ರೂಪಾಂತರ. ಪದಾಂತ್ಯದ ಒತ್ತಕ್ಷರವನ್ನು ಬಿಡಿಸಿ ಸ್ವರ ಸೇರಿಸುವುದು ಕನ್ನಡದ ನಾಲಿಗೆಗೆ ಸಹಜ, ಅದು ತಪ್ಪಲ್ಲ. ಆದರೆ ಆಂಗ್ಲರಲ್ಲಿ ‘ಬ್ಯಾರನ್’ ಎಂಬ ಸರದಾರ ಪದವಿಯೂ ಉಂಟು. ಈ ಎರಡಕ್ಕೂ ಸಂಬಂಧವಿಲ್ಲ.

ಪ್ರಾಚೀನ ಆಂಗ್ಲದಲ್ಲಿ ‘ಬೆರೆ’ ಎಂದರೆ ಬಾರ್ಲಿ, ‘ಆರ್ನ್’ ಎಂದರೆ ಮನೆ. ಇವು ಕೂಡಿ ‘ಬಾರ್ನ್’ ಆಯಿತು. ಪದವಿಯ ‘ಬ್ಯಾರನ್’ ಫ್ರೆಂಚಿನ ಮೂಲಕ ಬಂದುದು. ಲ್ಯಾಟಿನ್ನಿನಲ್ಲಿ ‘ಬಾರೋ’ ಎಂದರೆ ಮನುಷ್ಯ, ಆಳು. ಕಾಳಿನ ಮನೆ ಹೊಗೆಸೊಪ್ಪಿನ ಮನೆಯಾಯಿತು. ಆಳು ಎಂಬ ಮಾತು ಒಡೆಯನ ಬಿರುದಾಯಿತು. ಆದುದರಿಂದ ವಿದ್ಯಾರ್ಥಿಯು ಧ್ವನಿಸಾಮ್ಯವನ್ನಷ್ಟೇ ನಂಬದೆ ಶಬ್ದದ ಮೂಲವನ್ನು ವಿಚಾರಿಸಬೇಕು.