ಒಂದು ಪದ, ಎರಡು ಅರ್ಥ: ಕಥೋಲಿಕ ಶ್ರದ್ಧೆ ಮತ್ತು ಸಂಸ್ಕೃತಿಯ ಪಾಠ

(ಪ್ರೌಢಶಾಲಾ ತರಗತಿಗಳಿಗೆ; ಎರಡು ಅವಧಿ)

ಪೀಠಿಕೆ

ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ತರಗತಿಗಳಲ್ಲಿ ಮನೆಯೊಳಗೆ ತುಳು, ಕೊಂಕಣಿ, ಹವ್ಯಕ ಕನ್ನಡ, ಮಲಯಾಳಗಳನ್ನಾಡುವ ಮಕ್ಕಳು ಒಟ್ಟಾಗಿ ಕಲಿಯುತ್ತಾರೆ. ಕನ್ನಡ ಅವರೆಲ್ಲರ ವಿದ್ಯೆಯ ಭಾಷೆ. ಆದರೆ ಪೂಜೆ, ಪ್ರಸಾದ, ಸಂಸ್ಕಾರ ಎಂಬ ಪದಗಳನ್ನು ಕಥೋಲಿಕ ವಿದ್ಯಾರ್ಥಿಯೊಬ್ಬನು ಬಳಸಿದಾಗ ಅವನ ಮನಸ್ಸಿನಲ್ಲಿರುವ ಅರ್ಥವೂ ಪಕ್ಕದಲ್ಲಿ ಕುಳಿತವನು ಗ್ರಹಿಸುವ ಅರ್ಥವೂ ಒಂದೇ ಆಗಿರುವುದಿಲ್ಲ. ಈ ವ್ಯತ್ಯಾಸವನ್ನು ವಿವರಿಸದೆ ಬಿಟ್ಟರೆ ಎರಡು ಬಗೆಯ ತಪ್ಪು ಸಂಭವಿಸುತ್ತದೆ. ಸಹಪಾಠಿಯ ಶ್ರದ್ಧೆ ಪರಕೀಯವೆಂದು ಕೆಲವರು ದೂರ ಸರಿಯುತ್ತಾರೆ. ಎಲ್ಲ ಹಬ್ಬಗಳೂ ಒಂದೇ ಎಂದು ಇನ್ನು ಕೆಲವರು ತಿಳಿಯುವ ಶ್ರಮವನ್ನೇ ಬಿಡುತ್ತಾರೆ. ಪದದ ಅರ್ಥವನ್ನು ಬಿಡಿಸಿ ತೋರಿಸುವುದು ಭಾಷಾ ಶಿಕ್ಷಕರ ನಿತ್ಯದ ಕಾರ್ಯವಾದುದರಿಂದ ಈ ಪಾಠಕ್ಕೆ ಕನ್ನಡ ತರಗತಿಯೇ ಯೋಗ್ಯ ಸ್ಥಳ.

ಶಿಕ್ಷಕರು ಅರಿತಿರಬೇಕಾದ ಮಿತಿ

ಸಂಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಗಳಲ್ಲಿ ಧರ್ಮಬೋಧನೆಯನ್ನು ಸಂವಿಧಾನದ 28ನೆಯ ವಿಧಿ ನಿಷೇಧಿಸುತ್ತದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಗಳಲ್ಲಿಯೂ ಪೋಷಕರ ಒಪ್ಪಿಗೆಯಿಲ್ಲದೆ ಯಾವ ಬಾಲಕನನ್ನೂ ಅಂಥ ಬೋಧನೆಗೆ ಒಳಪಡಿಸುವಂತಿಲ್ಲ. ಧರ್ಮವನ್ನು ಬೋಧಿಸುವುದು ಬೇರೆ, ಧರ್ಮದ ಕುರಿತು ತಿಳಿಸುವುದು ಬೇರೆ. ಈ ಪಾಠವು ಎರಡನೆಯ ಬಗೆಯದು. "ಕಥೋಲಿಕರು ಹೀಗೆ ನಂಬುತ್ತಾರೆ" ಎಂಬ ವಾಕ್ಯರಚನೆಯನ್ನು ಶಿಕ್ಷಕರು ಕೊನೆಯವರೆಗೂ ಕೈಬಿಡಬಾರದು.

ಹಿನ್ನೆಲೆ

ಜಿಲ್ಲೆಯ ಕಥೋಲಿಕರಲ್ಲಿ ಎರಡು ಪರಂಪರೆಗಳಿವೆ. ಗೋವೆಯ ಮೂಲದ, ಕೊಂಕಣಿಯನ್ನಾಡುವ ಕುಟುಂಬಗಳು ಲ್ಯಾಟಿನ್ ಪರಂಪರೆಗೆ ಸೇರಿದವು; ಇವರ ಇಗರ್ಜಿಗಳು ಮಂಗಳೂರು ಧರ್ಮಪ್ರಾಂತಕ್ಕೆ ಒಳಪಟ್ಟಿವೆ. 1890ರಲ್ಲಿ ಸ್ಥಾಪನೆಯಾದ ಬೇಳದ ಇಗರ್ಜಿ ಇವುಗಳಲ್ಲಿ ಹಳೆಯದು. ತಿರುವಾಂಕೂರಿನ ಕಡೆಯಿಂದ ಪೂರ್ವದ ಗುಡ್ಡಗಾಡಿಗೆ ವಲಸೆ ಬಂದ ಮಲಯಾಳಿ ಕುಟುಂಬಗಳಲ್ಲಿ ಹಲವು ಸಿರೋ-ಮಲಬಾರ್ ಪರಂಪರೆಗೆ ಸೇರಿವೆ. ಇಬ್ಬರೂ ಪೋಪರನ್ನೇ ಧರ್ಮಸಭೆಯ ಮುಖ್ಯಸ್ಥರೆಂದು ಒಪ್ಪುತ್ತಾರೆ.

ಈ ಇತಿಹಾಸವು ಪದಗಳಲ್ಲಿಯೇ ಉಳಿದಿದೆ. ಇಗರ್ಜಿ, ಪಾದ್ರಿ ಎಂಬವು ಪೋರ್ಚುಗೀಸ್ ಮೂಲದವು. ಕನ್ನಡದಲ್ಲಿ ಬಲಿಪೂಜೆಯೆನಿಸುವ ಆರಾಧನೆಯನ್ನು ಕೊಂಕಣಿಗರು ಪೋರ್ಚುಗೀಸಿನಿಂದ ಬಂದ ಮೀಸ್ ಎಂಬ ಹೆಸರಿನಿಂದಲೂ, ಸಿರೋ-ಮಲಬಾರ್ ಕಥೋಲಿಕರು ಸಿರಿಯಾಕ್ ಮೂಲದ ಕುರ್ಬಾನ ಎಂಬ ಹೆಸರಿನಿಂದಲೂ ಕರೆಯುತ್ತಾರೆ. ಒಂದೇ ಆರಾಧನೆಯ ಮೂರು ಹೆಸರುಗಳು ಮೂರು ದಾರಿಗಳನ್ನು ಸೂಚಿಸುತ್ತವೆ.

ಮೊದಲನೆಯ ಅವಧಿ: ತೆನೆಹಬ್ಬ

ಕರಾವಳಿಯ ಕಥೋಲಿಕರು ಸೆಪ್ಟೆಂಬರ್ 8ರಂದು ಮೊಂತಿ ಹಬ್ಬವನ್ನು ಆಚರಿಸುತ್ತಾರೆ. ಇದು ಯೇಸುವಿನ ತಾಯಿ ಮರಿಯಮ್ಮನವರ ಜನನದ ಹಬ್ಬ. ಹಿಂದಿನ ಒಂಬತ್ತು ದಿನ ಪ್ರಾರ್ಥನೆ ನಡೆಯುತ್ತದೆ. ಮಕ್ಕಳು ಹೂಗಳನ್ನು ತಂದು ಬಾಲ ಮರಿಯಮ್ಮನವರ ಪ್ರತಿಮೆಗೆ ಅರ್ಪಿಸುತ್ತಾರೆ. ಹಬ್ಬದಂದು ಪಾದ್ರಿಗಳು ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಆ ಕಾಳನ್ನು ಹಾಲಿನಲ್ಲಿಯೋ ಪಾಯಸದಲ್ಲಿಯೋ ಬೆರೆಸಿ ಮನೆಮಂದಿಯೆಲ್ಲ ಸೇವಿಸುತ್ತಾರೆ. ಅಂದಿನ ಊಟ ಸಸ್ಯಾಹಾರ. ಮಕ್ಕಳಿಗೆ ಕಬ್ಬು ದೊರೆಯುತ್ತದೆ.

ತೆನೆ ಕಟ್ಟುವ, ಹೊಸ ಅಕ್ಕಿ ಊಟ ಮಾಡುವ ಪದ್ಧತಿ ಇತರ ಮಕ್ಕಳ ಮನೆಗಳಲ್ಲಿಯೂ ಇರುವುದರಿಂದ ಹೋಲಿಕೆ ಸಹಜವಾಗಿ ಹೊರಡುತ್ತದೆ. ಅದನ್ನು ಸ್ವಾಗತಿಸಬೇಕು; ಆದರೆ ಅಲ್ಲಿಗೇ ನಿಲ್ಲಿಸಬಾರದು. ತೆನೆಯು ಈ ಮಣ್ಣಿನದು. ಹಬ್ಬದ ಕಾರಣವು ಕಥೋಲಿಕ ಶ್ರದ್ಧೆಯದು. ಮರಿಯಮ್ಮನವರು ಯೇಸುವಿನ ತಾಯಿಯಾದುದರಿಂದಲೇ ಅವರ ಜನನಕ್ಕೆ ಮಹತ್ವ. ಕಥೋಲಿಕ ಬೋಧನೆಯಂತೆ ಆರಾಧನೆ ದೇವರೊಬ್ಬನಿಗೇ ಸಲ್ಲುತ್ತದೆ. ಮರಿಯಮ್ಮನವರಿಗೂ ಸಂತರಿಗೂ ಸಲ್ಲುವುದು ಗೌರವ. ತಮ್ಮ ಪರವಾಗಿ ದೇವರಲ್ಲಿ ಬಿನ್ನವಿಸಿರೆಂದು ಅವರನ್ನು ಬೇಡಿಕೊಳ್ಳಲಾಗುತ್ತದೆ. "ಮರಿಯಮ್ಮ ಕ್ರೈಸ್ತರ ದೇವಿಯೇ?" ಎಂಬ ಪ್ರಶ್ನೆ ಬಂದಾಗ ಈ ಭೇದವನ್ನೇ ಉತ್ತರವಾಗಿ ನೀಡಬೇಕು.

ಎರಡನೆಯ ಅವಧಿ: ಮೂರು ಪದಗಳು

ಪ್ರಸಾದ: ದೇವಸ್ಥಾನದ ಪ್ರಸಾದವನ್ನು ಬಲ್ಲ ವಿದ್ಯಾರ್ಥಿಯು ಆಶೀರ್ವದಿಸಿದ ತೆನೆಯನ್ನೂ ಪರಮಪ್ರಸಾದವನ್ನೂ ಒಂದೆಂದು ಭಾವಿಸಬಹುದು. ಆಶೀರ್ವದಿಸಿದ ತೆನೆ ತೆನೆಯಾಗಿಯೇ ಉಳಿಯುತ್ತದೆ. ಅದು ಕೃತಜ್ಞತೆಯ ಕುರುಹು. ಬಲಿಪೂಜೆಯಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸಗಳು ಯೇಸುಕ್ರಿಸ್ತನ ಶರೀರ ಮತ್ತು ರಕ್ತವಾಗುತ್ತವೆಂದು ಕಥೋಲಿಕರು ನಂಬುತ್ತಾರೆ. ಆದುದರಿಂದಲೇ ಅದನ್ನು ಸ್ವೀಕರಿಸಲು ಮಕ್ಕಳು ಮೊದಲು ಸಿದ್ಧತೆಯ ಶಿಕ್ಷಣ ಪಡೆಯುತ್ತಾರೆ.

ಪೂಜೆ: ಬಲಿಪೂಜೆಯಲ್ಲಿ ಬೈಬಲ್ ವಾಚನ, ಪ್ರವಚನ, ಅರ್ಪಣೆ, ಪರಮಪ್ರಸಾದ ಸ್ವೀಕಾರಗಳಿವೆ. ಬಲಿ ಎಂಬುದು ಶಿಲುಬೆಯ ಮೇಲಿನ ಯೇಸುವಿನ ಆತ್ಮಾರ್ಪಣೆಯನ್ನು ಸೂಚಿಸುತ್ತದೆ. 1962ರಿಂದ 1965ರವರೆಗೆ ನಡೆದ ದ್ವಿತೀಯ ವ್ಯಾಟಿಕನ್ ಮಹಾಸಭೆಯ ತರುವಾಯವೇ ಲ್ಯಾಟಿನ್ ಪರಂಪರೆಯ ಈ ಆರಾಧನೆ ಜನರ ಭಾಷೆಗಳಿಗೆ ವ್ಯಾಪಕವಾಗಿ ಬಂದಿತು.

ಸಂಸ್ಕಾರ: ಹಿಂದೂ ಸಂಪ್ರದಾಯದಲ್ಲಿ ಹದಿನಾರು ಸಂಸ್ಕಾರಗಳೆಂಬ ಎಣಿಕೆ ಪ್ರಸಿದ್ಧ. ಕಥೋಲಿಕರಲ್ಲಿ ಏಳು: ದೀಕ್ಷಾಸ್ನಾನ, ದೃಢೀಕರಣ, ಪರಮಪ್ರಸಾದ, ಪಾಪನಿವೇದನೆ, ರೋಗಿಗಳ ತೈಲಾಭ್ಯಂಗ, ಯಾಜಕದೀಕ್ಷೆ, ವಿವಾಹ. ಶವಸಂಸ್ಕಾರವು ಈ ಏಳರಲ್ಲಿ ಸೇರದೆಂಬುದನ್ನು ವಿದ್ಯಾರ್ಥಿಗಳೇ ಕಂಡುಕೊಳ್ಳುವಂತೆ ಪ್ರಶ್ನಿಸಬೇಕು.

ಚಟುವಟಿಕೆ

ಪ್ರತಿ ವಿದ್ಯಾರ್ಥಿಯೂ ತನ್ನ ಮನೆಯ ಅಥವಾ ನೆರೆಯ ಹಿರಿಯರೊಬ್ಬರಿಂದ ಪ್ರಾರ್ಥನೆಗೆ ಸಂಬಂಧಿಸಿದ ಐದು ಪದಗಳನ್ನು ಸಂಗ್ರಹಿಸಿ, ಅವರು ಹೇಳಿದ ಅರ್ಥವನ್ನು ಬರೆದು ತರಲಿ. ಒಂದೇ ಪದಕ್ಕೆ ಬಂದ ಭಿನ್ನ ಅರ್ಥಗಳನ್ನು ಕರಿಹಲಗೆಯ ಮೇಲೆ ಅಕ್ಕಪಕ್ಕದಲ್ಲಿ ಬರೆಯಬೇಕು. ಯಾವುದು ಸರಿ, ಯಾವುದು ಮೇಲು ಎಂಬ ನಿರ್ಣಯಕ್ಕೆ ಅವಕಾಶವಿರಬಾರದು.

ಎಚ್ಚರಿಕೆ

ತರಗತಿಯಲ್ಲಿ ಒಬ್ಬಳೇ ಕಥೋಲಿಕ ವಿದ್ಯಾರ್ಥಿನಿಯಿದ್ದರೆ ಅವಳನ್ನು ಎಬ್ಬಿಸಿ ನಿಲ್ಲಿಸಿ "ನಿಮ್ಮವರು ಹೀಗೇಕೆ ಮಾಡುತ್ತಾರೆ?" ಎಂದು ಕೇಳುವುದು ಸರಿಯಲ್ಲ. ಹದಿನಾಲ್ಕರ ವಯಸ್ಸಿನ ಮಗುವು ಇಡೀ ಧರ್ಮಸಭೆಯ ಪರವಾಗಿ ಉತ್ತರಿಸಬೇಕಾಗಿಲ್ಲ. ತಾನಾಗಿ ಹೇಳಬಯಸಿದರೆ ಹೇಳಲಿ. ಮೌನವಾಗಿರಬಯಸಿದರೆ ಆ ಮೌನಕ್ಕೂ ಗೌರವವಿರಲಿ. ವಿವರಿಸುವ ಹೊಣೆ ಶಿಕ್ಷಕರದು.

ಮೌಲ್ಯಮಾಪನ

1. ಆರಾಧನೆ ಮತ್ತು ಗೌರವ ಎಂಬ ಪದಗಳ ನಡುವಣ ಭೇದವನ್ನು ಕಥೋಲಿಕ ಬೋಧನೆಯ ಹಿನ್ನೆಲೆಯಲ್ಲಿ ವಿವರಿಸಿರಿ.
2. ತೆನೆಹಬ್ಬದಲ್ಲಿ ಈ ನಾಡಿನ ಅಂಶಗಳಾವುವು, ಕಥೋಲಿಕ ಶ್ರದ್ಧೆಯ ಅಂಶಗಳಾವುವು?
3. ಮೀಸ್, ಕುರ್ಬಾನ, ಬಲಿಪೂಜೆ ಎಂಬ ಪದಗಳು ಯಾವ ಇತಿಹಾಸವನ್ನು ತಿಳಿಸುತ್ತವೆ?

ಕಥೋಲಿಕ ವಿದ್ಯಾರ್ಥಿಯು ಓದಿ "ನಮ್ಮ ಮನೆಯಲ್ಲಿ ಇದನ್ನು ಹೀಗೆಯೇ ತಿಳಿಯುತ್ತೇವೆ" ಎಂದು ಒಪ್ಪುವಂತಹ ಉತ್ತರವನ್ನು ಬೇರೆ ಶ್ರದ್ಧೆಯ ವಿದ್ಯಾರ್ಥಿಯು ಬರೆಯಬಲ್ಲನಾದರೆ ಪಾಠದ ಉದ್ದೇಶ ಈಡೇರಿತೆಂದು ತಿಳಿಯಬಹುದು.